ಕಂಡ ಶಾರ್ಕ್‌ಗೆ ಕಾವಲು, ಕಾಣದ ಕಡಲಿಗೆ ಯಾರು? ಮಾಲ್ಡೀವ್ಸ್‌ನ ಸ್ಕೂಬಾ ಪ್ರವಾಸೋದ್ಯಮದ ಲೆಕ್ಕಾಚಾರ

ಮಾಲ್ಡೀವ್ಸ್‌ನಲ್ಲಿ ಒಂದು ಶಾರ್ಕ್‌ನ ಬೆಲೆ ಎಷ್ಟು ಎಂಬ ಲೆಕ್ಕ 1993ರಲ್ಲಿಯೇ ಆಗಿತ್ತು. ಚಾರ್ಲ್ಸ್ ಆ್ಯಂಡರ್ಸನ್ ಮತ್ತು ಹುಧಾ ಅಹ್ಮದ್ ಎಂಬ ಸಂಶೋಧಕರು ಆ ದೇಶದ ಶಾರ್ಕ್ ಮೀನುಗಾರಿಕೆಯ ಬಗ್ಗೆ ಬರೆದ ವರದಿಯಲ್ಲಿ ಅದು ಸಿಗುತ್ತದೆ. ಗ್ರೇ ರೀಫ್ ಶಾರ್ಕ್ ಒಂದನ್ನು ಹಿಡಿದು ಮಾರಿದ ಮೀನುಗಾರನ ಕೈಗೆ ಸುಮಾರು 32 ಡಾಲರ್ ಬರುತ್ತಿತ್ತು, ಅದೂ ಒಂದೇ ಸಲ. ಅದೇ ಶಾರ್ಕ್ ನೀರಿನಲ್ಲಿ ಬದುಕಿದ್ದರೆ, ಅದನ್ನು ನೋಡಲು ಬರುವ ಡೈವರ್‌ಗಳಿಂದ ವರ್ಷಕ್ಕೆ ಸರಾಸರಿ 3,300 ಡಾಲರ್ ಆದಾಯ. ಅರಿ ಹವಳದ್ವೀಪಸ್ತೋಮದ ‘ಫಿಶ್ ಹೆಡ್’ ಎಂಬ ಪ್ರಸಿದ್ಧ ತಾಣದಲ್ಲಂತೂ ಒಂದೊಂದು ಶಾರ್ಕ್‌ನ ಬೆಲೆ ವರ್ಷಕ್ಕೆ 33,500 ಡಾಲರ್ ಎಂದು ಅವರು ಅಂದಾಜು ಮಾಡಿದ್ದರು. ಶಾರ್ಕ್ ನೋಡುವ ಡೈವಿಂಗ್‌ನಿಂದ ದೇಶಕ್ಕೆ ಆಗ ವರ್ಷಕ್ಕೆ 23 ಲಕ್ಷ ಡಾಲರ್ ಬರುತ್ತಿದ್ದರೆ, ಶಾರ್ಕ್ ಉತ್ಪನ್ನಗಳ ರಫ್ತಿನಿಂದ ಬರುತ್ತಿದ್ದುದು ಕೇವಲ 7 ಲಕ್ಷ.

ಕಡಲ ಸಂರಕ್ಷಣೆಯ ಇತಿಹಾಸದಲ್ಲಿ ಇಷ್ಟು ಸರಳವಾಗಿ, ಇಷ್ಟು ದೂರ ಪರಿಣಾಮ ಬೀರಿದ ಅಂಕಿಗಳು ಕಡಿಮೆ. ಪಲಾವು, ಬಹಾಮಾಸ್, ಫಿಜಿ ಮುಂತಾದ ದ್ವೀಪ ದೇಶಗಳಲ್ಲಿ ಆಮೇಲೆ ನಡೆದ ಇಂಥ ಚರ್ಚೆಗಳಲ್ಲೆಲ್ಲ ಇದೇ ತರ್ಕ ಕಾಣಿಸಿಕೊಂಡಿದೆ: ಸತ್ತ ಮೀನಿಗಿಂತ ಬದುಕಿರುವ ಮೀನೇ ಹೆಚ್ಚು ಗಳಿಸಿಕೊಡುತ್ತದೆ, ಆದ್ದರಿಂದ ಅದನ್ನು ಕೊಲ್ಲಬೇಡಿ. ಮಾಲ್ಡೀವ್ಸ್ ಈ ತರ್ಕವನ್ನು ಪೂರ್ತಿಯಾಗಿ ಒಪ್ಪಿಕೊಂಡಿತು, ಅದರಿಂದ ನಿಜವಾದ ಲಾಭವನ್ನೂ ಪಡೆಯಿತು. ಆದರೆ ಮೂರು ದಶಕಗಳ ನಂತರ ಆ ಲೆಕ್ಕದಲ್ಲಿ ಏನು ಬಿಟ್ಟುಹೋಗಿತ್ತು ಎಂಬುದೂ ಅದೇ ಕಡಲಿನಲ್ಲಿ ಸ್ಪಷ್ಟವಾಗುತ್ತಿದೆ. ಪ್ರವಾಸಿಯ ಹಣ ಪ್ರವಾಸಿಯ ಕಣ್ಣಿಗೆ ಬೀಳುವುದನ್ನು ಮಾತ್ರ ಕಾಯುತ್ತದೆ. ಕಣ್ಣಿಗೆ ಬೀಳದ ಆಳದ ಮೀನು, ಕಡಲ ಹುಲ್ಲು, ಲಗೂನಿನ (ದ್ವೀಪಗಳ ನಡುವಿನ ಆಳವಿಲ್ಲದ ಕಡಲ ಕೊಳದ) ಮರಳು ಇವುಗಳ ಪರವಾಗಿ ಮಾತನಾಡಲು ಗಿರಾಕಿಗಳಿಲ್ಲ.

ಮೊದಲು ಈ ಕಡಲಿನ ರಚನೆಯನ್ನು ತಿಳಿದುಕೊಳ್ಳಬೇಕು. ಮಾಲ್ಡೀವ್ಸ್ ಎಂದರೆ ಸುಮಾರು 1,200 ಪುಟ್ಟ ಹವಳದ ದ್ವೀಪಗಳು. ಎಲ್ಲವನ್ನೂ ಸೇರಿಸಿದರೂ ನೆಲ 300 ಚದರ ಕಿಲೋಮೀಟರ್ ಆಸುಪಾಸು. ಕಡಲಾದರೋ ಸುಮಾರು 9 ಲಕ್ಷ ಚದರ ಕಿಲೋಮೀಟರ್. ದ್ವೀಪಗಳು ಉಂಗುರಗಳಂತೆ ಗುಂಪುಗೂಡಿದ್ದು, ಉಂಗುರದ ಒಳಗೆ ತಿಳಿನೀರಿನ ಲಗೂನ್, ಹೊರಗೆ ಆಳವಾದ ಸಾಗರ. ಉಂಗುರವನ್ನು ಸೀಳಿಕೊಂಡು ನೀರು ಒಳಗೂ ಹೊರಗೂ ಹರಿಯುವ ಕಾಲುವೆಗಳನ್ನು ಅಲ್ಲಿನ ಧಿವೇಹಿ ಭಾಷೆಯಲ್ಲಿ ‘ಕಂಡು’ ಎನ್ನುತ್ತಾರೆ. ನೀರಿನ ಮೇಲ್ಮೈವರೆಗೆ ಬಾರದೆ ಒಳಗೇ ನಿಂತಿರುವ ಹವಳದ ಗುಡ್ಡಗಳು ‘ತಿಲ’. ಮುಂಗಾರಿಗೂ ಹಿಂಗಾರಿಗೂ ಪ್ರವಾಹದ ದಿಕ್ಕು ಬದಲಾಗುತ್ತದೆ. ಪ್ರವಾಹ ರಭಸವಾಗಿ ನುಗ್ಗುವ ಕಂಡುಗಳ ಬಾಯಲ್ಲಿ, ತಿಲಗಳ ಅಂಚಿನಲ್ಲಿ ಸಣ್ಣ ಮೀನುಗಳು ದಂಡುಗಟ್ಟುತ್ತವೆ. ಅವುಗಳನ್ನು ಅರಸಿ ಶಾರ್ಕ್‌ಗಳು ಬರುತ್ತವೆ. ಶಾರ್ಕ್‌ಗಳನ್ನು ಅರಸಿ ಡೈವರ್‌ಗಳು ಬರುತ್ತಾರೆ.

1972ರಲ್ಲಿ ಕುರುಂಬಾ ದ್ವೀಪದಲ್ಲಿ ಮೊದಲ ರೆಸಾರ್ಟ್ ತೆರೆದಾಗ ಬಂದ ಯುರೋಪಿಯನ್ನರಲ್ಲಿ ನೀರಿನಾಳದ ಹುಚ್ಚು ಹತ್ತಿದವರು ಬಹಳ ಮಂದಿ ಇದ್ದರು. ಆ ಕಾಲದಲ್ಲಿ ಮಾಲ್ಡೀವ್ಸ್‌ನ ಹೆಸರು ಹೊರಗೆ ಹಬ್ಬಿದ್ದು ಮಧುಚಂದ್ರಕ್ಕಿಂತ ಡೈವಿಂಗ್‌ನಿಂದ ಎಂದರೆ ಹೆಚ್ಚೇನಲ್ಲ. ಆದರೆ ಅದೇ ಹೊತ್ತಿಗೆ ಇನ್ನೊಂದು ವ್ಯಾಪಾರವೂ ಬೆಳೆಯುತ್ತಿತ್ತು. ಪೂರ್ವ ಏಷ್ಯಾದ ಮಾರುಕಟ್ಟೆಗೆ ಶಾರ್ಕ್ ರೆಕ್ಕೆ, ಒಣ ಮೀನು, ಯಕೃತ್ತಿನ ಎಣ್ಣೆ ಹೋಗುತ್ತಿದ್ದವು. ಎರಡೂ ವ್ಯಾಪಾರಗಳಿಗೆ ಬೇಕಾಗಿದ್ದದ್ದು ಒಂದೇ ಪ್ರಾಣಿ.

ಡಿಕ್ಕಿ ಹೊಡೆದದ್ದು ಫಿಶ್ ಹೆಡ್‌ನಲ್ಲಿ. ಮುಶಿಮಸ್‌ಮಿಂಗಿಲಿ ಎಂಬ ಈ ತಿಲವನ್ನು ಪ್ರಪಂಚದ ಅತ್ಯುತ್ತಮ ಡೈವ್ ತಾಣಗಳ ಸಾಲಿನಲ್ಲಿ ಇಡಲಾಗುತ್ತಿತ್ತು. 1990ರ ದಶಕದಲ್ಲಿ ಅಲ್ಲಿಂದ ಸುಮಾರು 20 ಶಾರ್ಕ್‌ಗಳನ್ನು ಹಿಡಿದುಹಾಕಿದ ಮೇಲೆ ಡೈವರ್‌ಗಳು ಆ ಕಡೆ ಬರುವುದೇ ಕಡಿಮೆಯಾಯಿತು. ನಷ್ಟ ವರ್ಷಕ್ಕೆ ಸುಮಾರು 5 ಲಕ್ಷ ಡಾಲರ್ ಎಂದು ಅಂದಾಜಾಯಿತು. ಮೀನುಗಾರನಿಗೆ ಬಂದ ಹಣವನ್ನು 20 ಗುಣಿಸು 32 ಎಂದು ಯಾರಾದರೂ ಲೆಕ್ಕ ಹಾಕಬಹುದು: 640 ಡಾಲರ್.

1995ರಲ್ಲಿ 15 ಡೈವ್ ತಾಣಗಳನ್ನು ಸಂರಕ್ಷಿತ ಎಂದು ಘೋಷಿಸಲಾಯಿತು. 1998ರಲ್ಲಿ ಪ್ರವಾಸೋದ್ಯಮವಿದ್ದ ಏಳು ದ್ವೀಪಸ್ತೋಮಗಳಲ್ಲಿ ಹತ್ತು ವರ್ಷ ಶಾರ್ಕ್ ಹಿಡಿಯುವಂತಿಲ್ಲ ಎಂದಾಯಿತು. 2010ರಲ್ಲಿ ಇಡೀ ದೇಶದ ಕಡಲಿನಲ್ಲಿ ಶಾರ್ಕ್ ಬೇಟೆ, ಮಾರಾಟ, ರಫ್ತು ಎಲ್ಲವೂ ನಿಷೇಧವಾದವು. ಮಾಲ್ಡೀವ್ಸ್ ಬಹುಕಾಲದಿಂದ ಟ್ಯೂನಾವನ್ನು ಬಲೆಯಿಲ್ಲದೆ, ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿಯುವ ದೇಶ. ಹಾಗಾಗಿ ಬಲೆಗೆ ಸಿಕ್ಕಿ ಸಾಯುವ ಶಾರ್ಕ್, ಆಮೆ, ಡಾಲ್ಫಿನ್‌ಗಳ ಸಂಖ್ಯೆಯೂ ಅಲ್ಲಿ ಬೇರೆಡೆಗಿಂತ ಕಡಿಮೆ. ಈ ಎರಡೂ ಕೂಡಿಬಂದ ಕಾರಣ ನಿಷೇಧ ಕಾಗದದ ಮೇಲೆ ಉಳಿಯದೆ ನೀರಿಗೂ ಇಳಿಯಿತು. ನಂತರ 2018ರಲ್ಲಿ ಪ್ರಕಟವಾದ ಒಂದು ಅರ್ಥಶಾಸ್ತ್ರೀಯ ಅಧ್ಯಯನ ಇದೇ ಮಾತನ್ನು ಮತ್ತೊಮ್ಮೆ ಹೇಳಿತು: ಶಾರ್ಕ್‌ಗಳ ಸಂಖ್ಯೆ ಕುಸಿದರೆ, ಅಕ್ರಮ ಬೇಟೆ ಡೈವರ್‌ಗಳ ಕಣ್ಣಿಗೆ ಬಿದ್ದರೆ, ಡೈವಿಂಗ್ ಪ್ರವಾಸಗಳ ಬೇಡಿಕೆ 56 ಪ್ರತಿಶತದವರೆಗೂ ಇಳಿಯಬಹುದು.

ಈ ಗೆಲುವನ್ನು ಕಡಿಮೆ ಮಾಡಿ ನೋಡಬೇಕಾಗಿಲ್ಲ. ಜಗತ್ತಿನ ಬಹುತೇಕ ಹವಳದ ದಿಬ್ಬಗಳಲ್ಲಿ ಇಂದು ಶಾರ್ಕ್ ಕಾಣುವುದೇ ಅಪರೂಪವಾಗಿರುವಾಗ, ಇಲ್ಲಿ ಸಾಮಾನ್ಯ ಪ್ರವಾಸಿಯೂ ಮಾಸ್ಕ್ ಹಾಕಿಕೊಂಡು ದಡದ ಬಳಿ ಮುಳುಗಿದರೆ ಮರಿ ಶಾರ್ಕ್‌ಗಳನ್ನು ನೋಡಬಹುದು. ಅದರ ಹಿಂದೆ ಸ್ಥಳೀಯ ಮೀನುಗಾರರ ತ್ಯಾಗವಿದೆ. ಶಾರ್ಕ್ ಹಿಡಿದು ಬದುಕುತ್ತಿದ್ದ ಕುಟುಂಬಗಳು ಆ ಕಸುಬನ್ನು ಬಿಟ್ಟವು. ಪ್ರವಾಸೋದ್ಯಮದ ಲಾಭ ಅವರ ದ್ವೀಪಗಳಿಗೆ ಅದೇ ಪ್ರಮಾಣದಲ್ಲಿ ತಲುಪಿತೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಮುಂದೆ ಬರುತ್ತೇನೆ.

ನೋಡುವುದೇ ಕಾಯುವುದಲ್ಲ

ಬಾ ದ್ವೀಪಸ್ತೋಮದ ಹನಿಫಾರು ಕೊಲ್ಲಿ ಒಂದು ಫುಟ್‌ಬಾಲ್ ಮೈದಾನದಷ್ಟು ಜಾಗ. ನೈರುತ್ಯ ಮುಂಗಾರಿನ ತಿಂಗಳುಗಳಲ್ಲಿ ಉಬ್ಬರದ ನೀರು ತರುವ ಪ್ಲಾಂಕ್ಟನ್ ಎಂಬ ತೇಲುವ ಸೂಕ್ಷ್ಮಜೀವಿಗಳ ರಾಶಿ ಈ ಕೊಲ್ಲಿಯೊಳಗೆ ಸಿಕ್ಕಿಕೊಂಡು ದಟ್ಟವಾಗುತ್ತದೆ. ಅದನ್ನು ತಿನ್ನಲು ಮಾಂಟಾಗಳು ಬರುತ್ತವೆ, ನಮ್ಮ ಕರಾವಳಿಯವರು ತೊರಕೆ ಎನ್ನುವ ಮೀನುಗಳ ಬಳಗದ ದೈತ್ಯರು. ಒಳ್ಳೆಯ ದಿನದಲ್ಲಿ ನೂರಕ್ಕೂ ಹೆಚ್ಚು ಮಾಂಟಾಗಳು ಬಾಯಿ ತೆರೆದುಕೊಂಡು ಒಂದರ ಹಿಂದೆ ಒಂದು ಸುತ್ತು ಹಾಕುತ್ತಾ ಉಣ್ಣುತ್ತವೆ. ಈ ದೃಶ್ಯ 2000ದ ದಶಕದ ಕೊನೆಯಲ್ಲಿ ಜಗತ್ತಿಗೆ ಗೊತ್ತಾದದ್ದೇ ತಡ, ದೋಣಿಗಳು ಸಾಲುಗಟ್ಟಿದವು. ಮಾಂಟಾಗಳಿಗಿಂತ ಮನುಷ್ಯರು ಹೆಚ್ಚಾದರು. ಡೈವರ್‌ಗಳ ಸಿಲಿಂಡರಿನಿಂದ ಏಳುವ ಗುಳ್ಳೆಗಳ ತೆರೆ ಮಾಂಟಾಗಳ ಸರದಿಯನ್ನು ಒಡೆಯುತ್ತಿತ್ತು.

ಅಲ್ಲಿನ ಆಡಳಿತ ಕೈಗೊಂಡ ನಿರ್ಧಾರ ನನಗೆ ಇಡೀ ಕಥೆಯಲ್ಲಿ ಅತ್ಯಂತ ಗೌರವ ಹುಟ್ಟಿಸುವ ಭಾಗ. 2009ರಲ್ಲಿ ಕೊಲ್ಲಿಯನ್ನು ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. 2011ರಲ್ಲಿ ಬಾ ದ್ವೀಪಸ್ತೋಮ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶಗಳ ಪಟ್ಟಿಗೆ ಸೇರಿತು. 2012ರಿಂದ ಹನಿಫಾರುವಿನಲ್ಲಿ ಸ್ಕೂಬಾ ಡೈವಿಂಗನ್ನೇ ನಿಲ್ಲಿಸಲಾಯಿತು. ಈಗ ಅಲ್ಲಿ ಸ್ನಾರ್ಕ್ಲಿಂಗ್ (ಸಿಲಿಂಡರ್ ಇಲ್ಲದೆ, ಉಸಿರಾಟದ ಕೊಳವೆ ಕಚ್ಚಿ ಮೇಲ್ಮೈಯಲ್ಲಿ ತೇಲುತ್ತಾ ನೋಡುವುದು) ಮಾತ್ರ, ಅದೂ ಶುಲ್ಕ ಕೊಟ್ಟು, ಅನುಮತಿ ಪಡೆದ ಗೈಡ್ ಜತೆಯಲ್ಲಿ, ದೋಣಿಗಳ ಸಂಖ್ಯೆಗೂ ಜನರ ಸಂಖ್ಯೆಗೂ ನೀರಿನಲ್ಲಿರುವ ಸಮಯಕ್ಕೂ ಮಿತಿ ಇಟ್ಟುಕೊಂಡು. ಕಾವಲುಗಾರರು ದೋಣಿಯಲ್ಲಿ ಅಲ್ಲಿಯೇ ಇರುತ್ತಾರೆ. ಡೈವಿಂಗ್ ದೇಶದ ಹೆಮ್ಮೆಯಾಗಿದ್ದಾಗಲೂ, ಹಣ ತರುವ ಜಾಗದಲ್ಲಿಯೇ ಡೈವರ್‌ಗೆ ಬಾಗಿಲು ಹಾಕಿದರು. ಮಾಂಟಾಗಳು ಇಂದಿಗೂ ಬರುತ್ತಿವೆ.

ಇದಕ್ಕೆ ಎದುರಾಗಿ ದಕ್ಷಿಣ ಅರಿಯನ್ನು ನೋಡಿ. ವರ್ಷವಿಡೀ ತಿಮಿಂಗಿಲ ಶಾರ್ಕ್‌ಗಳು ಕಾಣಸಿಗುವ, ಜಗತ್ತಿನ ಕೆಲವೇ ಜಾಗಗಳಲ್ಲಿ ಇದೊಂದು. ಹೆಚ್ಚಿನವು ಇನ್ನೂ ಪ್ರಾಯಕ್ಕೆ ಬಾರದ ಗಂಡುಗಳು. ಆಳದ ತಣ್ಣನೆಯ ನೀರಿನಿಂದ ಮೇಲೆ ಬಂದು ಮೈ ಬೆಚ್ಚಗೆ ಮಾಡಿಕೊಳ್ಳಲು ದಿಬ್ಬದ ಅಂಚಿನಲ್ಲಿ ತೇಲುತ್ತವೆ ಎಂಬುದು ಸಂಶೋಧಕರ ಊಹೆ. ಇದನ್ನೂ 2009ರಲ್ಲಿಯೇ ಸಂರಕ್ಷಿತ ಪ್ರದೇಶ ಎಂದು ಘೋಷಿಸಲಾಯಿತು. ಆದರೆ ಹನಿಫಾರುವಿನ ಹಾಗೆ ಬಾಗಿಲು ಕಾಯುವವರು ಇಲ್ಲಿ ಬಹುಕಾಲ ಇರಲಿಲ್ಲ. ಇದು ಕೊಲ್ಲಿಯಲ್ಲ, ಉದ್ದಕ್ಕೆ ಚಾಚಿದ ಕಡಲಂಚು. ಬೇರೆ ಬೇರೆ ರೆಸಾರ್ಟ್‌ಗಳ, ಅತಿಥಿಗೃಹಗಳ ದೋಣಿಗಳು ಬೆಳಿಗ್ಗೆಯಿಂದ ಓಡಾಡುತ್ತವೆ. ಒಂದು ಶಾರ್ಕ್ ಕಂಡಿತು ಎಂದು ರೇಡಿಯೋದಲ್ಲಿ ಸುದ್ದಿ ಬಂದರೆ ಎಲ್ಲ ದೋಣಿಗಳೂ ಅತ್ತ ತಿರುಗುತ್ತವೆ. ಪರಿಣಾಮ ಶಾರ್ಕ್‌ಗಳ ಮೈಮೇಲೆಯೇ ಇದೆ. ಅಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿರುವ ಸಂಶೋಧಕರು ಒಂದೊಂದು ಶಾರ್ಕ್‌ನ ಚುಕ್ಕೆಗಳ ವಿನ್ಯಾಸದಿಂದ ಅದನ್ನು ಗುರುತಿಸುತ್ತಾರೆ. ಅವರ ಚಿತ್ರಗಳಲ್ಲಿ ಪ್ರೊಪೆಲ್ಲರ್ ಸೀಳಿದ ಬೆನ್ನುಗಳು, ತುಂಡಾದ ರೆಕ್ಕೆಗಳು ಮತ್ತೆ ಮತ್ತೆ ಕಾಣುತ್ತವೆ. ತಿಮಿಂಗಿಲ ಶಾರ್ಕನ್ನು ಪ್ರೀತಿಸಿಯೇ ಬಂದವರ ದೋಣಿಗಳು ಮಾಡಿದ ಗಾಯ ಅದು.

ದೂರದ ದಕ್ಷಿಣದ ಫುವಹ್ಮುಲಾ ಮೂರನೆಯ ರೀತಿಯ ಪ್ರಶ್ನೆ. ಇದು ಒಂದೇ ದ್ವೀಪ, ಸುತ್ತ ಆಳ ಕಡಲು. ಬಂದರಿನಲ್ಲಿ ಟ್ಯೂನಾ ಶುಚಿ ಮಾಡಿ ಎಸೆದ ತಲೆ, ಕರುಳುಗಳಿಗೆ ಟೈಗರ್ ಶಾರ್ಕ್‌ಗಳು ಬಹಳ ಕಾಲದಿಂದ ಬರುತ್ತಿದ್ದವು. ಡೈವ್ ಕೇಂದ್ರಗಳು ಅದನ್ನೇ ದಿನಚರಿಯಾಗಿ ಮಾಡಿಕೊಂಡವು. ಟ್ಯೂನಾ ತಲೆಗಳನ್ನು ಇಟ್ಟು ಶಾರ್ಕ್‌ಗಳನ್ನು ಕರೆಯುತ್ತಾರೆ, ಡೈವರ್‌ಗಳು ಸಾಲಾಗಿ ಮಂಡಿಯೂರಿ ನೋಡುತ್ತಾರೆ. ಇಲ್ಲಿ ಗುರುತಿಸಲಾದ ಟೈಗರ್ ಶಾರ್ಕ್‌ಗಳ ಸಂಖ್ಯೆ 200 ದಾಟಿದೆ, ಹೆಚ್ಚಿನವು ಹೆಣ್ಣು. ಬಡ ದ್ವೀಪವೊಂದಕ್ಕೆ ಇದರಿಂದ ಬಂದ ಬದುಕನ್ನು ಅಲ್ಲಗಳೆಯಲಾಗದು. ಆದರೆ ತಿನಿಸು ಕೊಟ್ಟು ಕರೆಯುವ ಪದ್ಧತಿ ಬೇಟೆಗಾರ ಪ್ರಾಣಿಯ ಸ್ವಭಾವವನ್ನು ಯಾವ ಕಡೆಗೆ ತಿರುಗಿಸುತ್ತದೆ ಎಂಬ ಕಳವಳ ಸಣ್ಣದಲ್ಲ. ಮನುಷ್ಯನ ಸಾಮೀಪ್ಯವೆಂದರೆ ಊಟ ಎಂದು ಒಂದು ದೊಡ್ಡ ಶಾರ್ಕ್ ಕಲಿತರೆ ಮುಂದೊಂದು ದಿನ ಅದರ ಬೆಲೆ ತೆರುವುದು ಡೈವರ್ ಮಾತ್ರವಲ್ಲ, ಶಾರ್ಕ್ ಕೂಡ. ಒಂದು ಅಪಘಾತವಾದರೆ ಸಾರ್ವಜನಿಕ ಅಭಿಪ್ರಾಯ ಹೇಗೆ ತಿರುಗುತ್ತದೆ ಎಂಬುದಕ್ಕೆ ಚಿರತೆಯೊಂದಿಗೆ ಬದುಕುವ ನಮ್ಮ ಊರುಗಳೇ ಸಾಕ್ಷಿ.

ಮೂರೂ ಕಡೆ ಪ್ರಾಣಿ ಬೆಲೆಬಾಳುವಂಥದ್ದೇ. ಬೆಲೆ ಬಂದ ಮಾತ್ರಕ್ಕೆ ರಕ್ಷಣೆ ಬರಲಿಲ್ಲ, ಬೇಡ ಎನ್ನುವ ಅಧಿಕಾರ ಇದ್ದವರು ಬೇಡ ಎಂದ ಕಡೆ ಮಾತ್ರ ಬಂತು.

ಮಾಸ್ಕಿನ ಗಾಜಿಗೆ ನಿಲುಕದ್ದು

ಮಾಲ್ಡೀವ್ಸ್‌ನ ನಿಯಮದ ಪ್ರಕಾರ ಮನರಂಜನೆಯ ಡೈವಿಂಗ್‌ಗೆ ಆಳದ ಮಿತಿ 30 ಮೀಟರ್. ಸುರಕ್ಷತೆಯ ದೃಷ್ಟಿಯಿಂದ ಒಳ್ಳೆಯ ನಿಯಮ. ಆದರೆ ಸಂರಕ್ಷಣೆಯ ರಾಜಕೀಯವೂ ಹೆಚ್ಚುಕಡಿಮೆ ಅದೇ ಆಳದಲ್ಲಿ ನಿಂತುಬಿಟ್ಟಿದೆ.

ಗಲ್ಪರ್ ಶಾರ್ಕ್ ಎಂಬ ಮೀನು ಇನ್ನೂರು ಮೀಟರ್‌ಗಿಂತ ಕೆಳಗೆ, ಬೆಳಕು ತಲುಪದ ಕಡೆ ಬದುಕುತ್ತದೆ. ದೊಡ್ಡ ಹಸಿರು ಕಣ್ಣುಗಳು, ಕಂದು ಮೈ. ಅದರ ಯಕೃತ್ತಿನಲ್ಲಿ ಸ್ಕ್ವಾಲೀನ್ ಎಂಬ ಎಣ್ಣೆಯ ಅಂಶ ಹೇರಳವಾಗಿದೆ. ಸೌಂದರ್ಯವರ್ಧಕಗಳಿಂದ ಔಷಧ ತಯಾರಿಕೆಯವರೆಗೆ ಅದಕ್ಕೆ ಬೇಡಿಕೆ. ಮಾಲ್ಡೀವ್ಸ್‌ನಲ್ಲಿ ಈ ಮೀನಿನ ಬೇಟೆ 1980ರ ಸುಮಾರಿಗೆ ಶುರುವಾಗಿ ಕೆಲವೇ ವರ್ಷಗಳಲ್ಲಿ ಮೇಲೇರಿ ಅಷ್ಟೇ ಬೇಗ ಕುಸಿಯಿತು. 1982ರಿಂದ 2002ರ ನಡುವೆ ಅದರ ಸಂಖ್ಯೆ 97 ಪ್ರತಿಶತದಷ್ಟು ಇಳಿಯಿತು ಎಂಬ ಅಂದಾಜಿದೆ. ಕಾರಣ ಸುಲಭವಾಗಿ ಅರ್ಥವಾಗುವಂಥದ್ದು. ಇದು ನಿಧಾನವಾಗಿ ಬೆಳೆಯುವ ಮೀನು, ಪ್ರಾಯಕ್ಕೆ ಬರಲು ವರ್ಷಗಳು ಬೇಕು, ಮರಿಗಳು ಒಂದೊಂದು ಸಲಕ್ಕೆ ಬೆರಳೆಣಿಕೆಯಷ್ಟು. ಬೂತಾಯಿ, ಬಂಗುಡೆಗಳಂತೆ ಒಂದು ಒಳ್ಳೆಯ ಮಳೆಗಾಲದಲ್ಲಿ ಚೇತರಿಸಿಕೊಳ್ಳುವ ಜಾತಿಯಲ್ಲ.

2010ರ ನಿಷೇಧದಲ್ಲಿ ಇದಕ್ಕೂ ರಕ್ಷಣೆ ಸಿಕ್ಕಿತ್ತು. 2021ರಲ್ಲಿ ಶಾರ್ಕ್ ನಿಷೇಧವನ್ನು ಸಡಿಲಿಸುವ ಮಾತು ಸರ್ಕಾರದ ಕಡೆಯಿಂದ ಬಂದಾಗ ಡೈವ್ ಕೇಂದ್ರಗಳು, ರೆಸಾರ್ಟ್‌ಗಳು, ಪರಿಸರ ಸಂಘಟನೆಗಳು ಒಟ್ಟಾಗಿ ಎದ್ದುನಿಂತವು. ಕೆಲವೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ಆದರೆ 2025ರಲ್ಲಿ ಸರ್ಕಾರ ಗಲ್ಪರ್ ಶಾರ್ಕ್ ಬೇಟೆಯೊಂದನ್ನೇ ಪ್ರತ್ಯೇಕಿಸಿ ಮತ್ತೆ ತೆರೆಯುವುದಾಗಿ ಪ್ರಕಟಿಸಿತು. ಮೀನುಗಾರರ ಆದಾಯ, ನಿಯಂತ್ರಿತ ಬೇಟೆ, ನಿರ್ವಹಣಾ ಯೋಜನೆ ಎಂಬ ಸಮರ್ಥನೆಗಳಿದ್ದವು. ವಿಜ್ಞಾನಿಗಳೂ ಸಂರಕ್ಷಣಾವಾದಿಗಳೂ ವಿರೋಧಿಸಿದರು. ಆದರೂ ದಿಬ್ಬದ ಶಾರ್ಕ್‌ಗಳ ಬದಲು ಗಲ್ಪರ್ ಶಾರ್ಕನ್ನು ಆರಿಸಿಕೊಂಡದ್ದರ ಹಿಂದೆ ಒಂದು ತಣ್ಣನೆಯ ಲೆಕ್ಕವಿದೆ ಎಂದು ನನಗೆ ಅನ್ನಿಸುತ್ತದೆ. ಈ ಮೀನನ್ನು ನೋಡಲು ಯಾರೂ ವಿಮಾನ ಹತ್ತಿ ಬರುವುದಿಲ್ಲ. 1993ರ ಲೆಕ್ಕದ ಪ್ರಕಾರ ಜೀವಂತ ಗಲ್ಪರ್ ಶಾರ್ಕ್‌ನ ಬೆಲೆ ಸೊನ್ನೆ. ‘ಬದುಕಿದ್ದರೆ ಹೆಚ್ಚು ಹಣ’ ಎಂಬ ವಾದವನ್ನೇ ಬುನಾದಿಯಾಗಿ ಮಾಡಿಕೊಂಡರೆ, ಹಣ ತರದ ಜೀವವನ್ನು ಆ ಬುನಾದಿಯ ಮೇಲೆ ನಿಲ್ಲಿಸಲು ಆಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಆಳದಲ್ಲಿ ಬಿಟ್ಟ ಗಾಳದ ಸಾಲು ಗಲ್ಪರ್ ಯಾವುದು, ಬೇರೆ ಶಾರ್ಕ್ ಯಾವುದು ಎಂದು ಕೇಳಿ ಹಿಡಿಯುವುದಿಲ್ಲ.

ಕಡಲ ಹುಲ್ಲಿನ ಕಥೆ ಇನ್ನೂ ಸಾಮಾನ್ಯವಾದದ್ದು, ಅದರಿಂದಲೇ ಹೆಚ್ಚು ನೋಯಿಸುವಂಥದ್ದು. ಲಗೂನಿನ ತಳದಲ್ಲಿ ಬೆಳೆಯುವ ಈ ಹುಲ್ಲು ಹಸಿರು ಆಮೆಗಳ ಮೇವು, ಮೀನುಮರಿಗಳ ಅಡಗುತಾಣ. ಬೇರುಗಳು ಮರಳನ್ನು ಹಿಡಿದಿಡುತ್ತವೆ, ಇಂಗಾಲವನ್ನು ತಳದ ಮಣ್ಣಿನಲ್ಲಿ ಶತಮಾನಗಳ ಕಾಲ ಹೂತಿಡುತ್ತವೆ. ಆದರೆ ಜಾಹೀರಾತಿನ ಚಿತ್ರದಲ್ಲಿ ನೀರು ತಿಳಿನೀಲಿಯಾಗಿರಬೇಕು, ತಳದಲ್ಲಿ ಬಿಳಿ ಮರಳು ಹೊಳೆಯಬೇಕು. ಹುಲ್ಲಿದ್ದ ಕಡೆ ನೀರು ಕಪ್ಪಗೆ ಕಾಣುತ್ತದೆ, ಅತಿಥಿಗಳು ಕಾಲಿಡಲು ಅಸಹ್ಯಪಡುತ್ತಾರೆ. ಹಾಗಾಗಿ ಹಲವು ರೆಸಾರ್ಟ್‌ಗಳು ವರ್ಷಗಟ್ಟಲೆ ಅದನ್ನು ಕಿತ್ತು ತೆಗೆಸುತ್ತಾ ಬಂದವು. 2019ರಲ್ಲಿ ಲಾಮು ದ್ವೀಪಸ್ತೋಮದ ಒಂದು ರೆಸಾರ್ಟ್ ಮತ್ತು ಬ್ಲೂ ಮರೀನ್ ಫೌಂಡೇಶನ್ ಸೇರಿ ಕಡಲ ಹುಲ್ಲನ್ನು ಉಳಿಸುವ ಅಭಿಯಾನ ಮಾಡಿದಾಗ ಹಲವಾರು ರೆಸಾರ್ಟ್‌ಗಳು ತಮ್ಮ ಹುಲ್ಲುಗಾವಲುಗಳನ್ನು ಉಳಿಸಿಕೊಳ್ಳುವ ಮಾತು ಕೊಟ್ಟವು. ಆಮೆಯ ಫೋಟೋ ಬೇಕು, ಆಮೆಯ ಮೇವು ಬೇಡ ಎಂಬ ಅಸಂಗತ ಸ್ಥಿತಿ ಅಷ್ಟರಮಟ್ಟಿಗೆ ಸರಿಹೋಯಿತು.

ಎಲ್ಲಕ್ಕಿಂತ ದೊಡ್ಡದು ನೆಲ ತುಂಬುವ ಕೆಲಸ. ಇದರಲ್ಲಿ ಭಾರತದ ಪಾಲೂ ಇದೆ, ಹಾಗಾಗಿ ನಾವು ಮುಜುಗರವಿಲ್ಲದೆ ಮಾತನಾಡಬೇಕು. ದೇಶದ ದಕ್ಷಿಣ ತುದಿಯ ಅಡ್ಡು ಮತ್ತು ಅದರ ಪಕ್ಕದ ಫುವಹ್ಮುಲಾ ಎರಡೂ 2020ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶಗಳಾದವು. ಎರಡು ವರ್ಷ ಕಳೆಯುವಷ್ಟರಲ್ಲಿ ಅಡ್ಡುವಿನ ಲಗೂನಿನಲ್ಲಿ 184 ಹೆಕ್ಟೇರ್ ಹೊಸ ನೆಲ ನಿರ್ಮಿಸುವ ಯೋಜನೆಗೆ ಸಹಿ ಬಿತ್ತು. ವೆಚ್ಚ 14.7 ಕೋಟಿ ಡಾಲರ್, ಸಾಲ ಭಾರತದ ಎಕ್ಸಿಮ್ ಬ್ಯಾಂಕಿನದು, ಗುತ್ತಿಗೆ ನೆದರ್ಲೆಂಡ್ಸ್‌ನ ಕಂಪನಿಯದು. ಲಗೂನಿನ ತಳದಿಂದ ಸುಮಾರು 50 ಲಕ್ಷ ಘನ ಮೀಟರ್ ಮರಳನ್ನು ಹೀರಿ ತೆಗೆಯಬೇಕಿತ್ತು. ಇದರಿಂದ 21 ಹೆಕ್ಟೇರ್ ಹವಳ, 120 ಹೆಕ್ಟೇರ್ ಕಡಲ ಹುಲ್ಲು ಹೂತುಹೋಗುತ್ತದೆ ಎಂದು ಯೋಜನೆಯ ಪರಿಸರ ಪರಿಣಾಮ ವರದಿಯೇ ಎಚ್ಚರಿಸಿತ್ತು. ಹೂತುಹೋಗುವುದಷ್ಟೇ ಅಲ್ಲ. ಮರಳು ಹೀರುವ ಯಂತ್ರ ಡ್ರೆಜರ್ ಎಬ್ಬಿಸುವ ನುಣ್ಣನೆಯ ಕೆಸರು ಪ್ರವಾಹದೊಂದಿಗೆ ಕಿಲೋಮೀಟರುಗಟ್ಟಲೆ ತೇಲಿ ದೂರದ ಹವಳಗಳ ಮೇಲೆ ಕೂರುತ್ತದೆ. ಹವಳ ಪ್ರಾಣಿ, ಆದರೆ ತನ್ನ ಮೈಯೊಳಗಿನ ಪಾಚಿಯ ಮೂಲಕ ಬಿಸಿಲನ್ನು ಉಣ್ಣುವ ಪ್ರಾಣಿ. ಕೆಸರು ಕೂತರೆ ಅದಕ್ಕೆ ಬಿಸಿಲೂ ಇಲ್ಲ, ಉಸಿರೂ ಇಲ್ಲ.

ನೆಲ ಏಕೆ ಬೇಕು ಎಂಬ ಪ್ರಶ್ನೆಗೆ ನಿಜವಾದ ಉತ್ತರವಿದೆ ಎಂಬುದನ್ನೂ ಹೇಳಬೇಕು. ರಾಜಧಾನಿ ಮಾಲೆ ಜಗತ್ತಿನ ಅತ್ಯಂತ ಕಿಕ್ಕಿರಿದ ನಗರಗಳಲ್ಲೊಂದು. ಸಣ್ಣ ಕೋಣೆಗೆ ಸಂಬಳದ ಬಹುಪಾಲು ಬಾಡಿಗೆ ತೆರುವ ಕುಟುಂಬಗಳಿಗೆ ಮನೆ ಬೇಕು. ದೇಶದ ಬಹುಪಾಲು ನೆಲ ಸಮುದ್ರಮಟ್ಟದಿಂದ ಒಂದು ಮೀಟರೂ ಎತ್ತರವಿಲ್ಲ. ಸಮುದ್ರ ಏರುತ್ತಿರುವಾಗ ಎತ್ತರದ ನೆಲ ನಿರ್ಮಿಸಬೇಕು ಎನ್ನುವವರ ಭಯ ಸುಳ್ಳಲ್ಲ. ಆದರೆ ಅಡ್ಡುವಿನ ಹೊಸ ನೆಲದ ಯೋಜನೆಯಲ್ಲಿ ಮನೆಗಳ ಜತೆಗೆ ಹೊಸ ರೆಸಾರ್ಟ್‌ಗಳಿಗೂ ಜಾಗವಿತ್ತು. ಹವಳವನ್ನು ಹೂತು, ಹವಳ ನೋಡಲು ಬರುವವರಿಗೆ ಕೋಣೆ ಕಟ್ಟುವುದಕ್ಕೆ ವಸತಿಯ ಕೊರತೆಯ ಹೆಸರು ಹೇಳುವುದು ಒಪ್ಪತಕ್ಕದ್ದಲ್ಲ. ಅಲೆಯನ್ನು ಒಡೆದು ದ್ವೀಪವನ್ನು ಕಾಯುವ ಗೋಡೆಯೂ ಆ ದಿಬ್ಬವೇ. ಅದು ಸತ್ತರೆ ಕಾಂಕ್ರೀಟ್ ಗೋಡೆ ಕಟ್ಟಬೇಕು, ಅದಕ್ಕೆ ಮತ್ತೆ ಸಾಲ ಬೇಕು.

ಬಿಸಿಯಾಗುವ ನೀರು, ಬಿಲ್ ಕಟ್ಟುವವರು

ಈವರೆಗೆ ಹೇಳಿದ್ದೆಲ್ಲ ಮಾಲ್ಡೀವ್ಸ್‌ನ ಕೈಯಲ್ಲಿರುವುದು. ಇನ್ನೊಂದು ಅದರ ಕೈಯಲ್ಲಿಲ್ಲ. ಬೇಸಿಗೆಯ ಗರಿಷ್ಠ ಉಷ್ಣಾಂಶಕ್ಕಿಂತ ನೀರು ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೆಯೇ ನಿಂತರೆ, ಹವಳ ತನಗೆ ಅನ್ನ ಕೊಡುವ ಪಾಚಿಯನ್ನೇ ಹೊರಹಾಕಿ ಬಿಳಿಚಿಕೊಳ್ಳುತ್ತದೆ. ನೀರು ಬೇಗ ತಣಿದರೆ ಬದುಕುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ. ಕಡಲ ನೀರನ್ನು ಬಿಸಿಯಾಗಿಸುವ ಎಲ್ ನಿನೋ ಎಂಬ ಹವಾಮಾನ ವಿದ್ಯಮಾನ 1998ರಲ್ಲಿ ಮಾಲ್ಡೀವ್ಸ್‌ನ ಆಳವಿಲ್ಲದ ದಿಬ್ಬಗಳಲ್ಲಿ ಸುಮಾರು 90 ಪ್ರತಿಶತ ಹವಳವನ್ನು ಕೊಂದಿತು. ಚೇತರಿಸಿಕೊಳ್ಳಲು ಹದಿನೈದು ವರ್ಷದ ಮೇಲೆ ಬೇಕಾಯಿತು. ಚೇತರಿಕೆ ಮುಗಿಯುವ ಹೊತ್ತಿಗೆ 2016 ಬಂತು, ಸಮೀಕ್ಷೆ ಮಾಡಿದ ಹವಳಗಳಲ್ಲಿ ಸುಮಾರು 60 ಪ್ರತಿಶತ ಬಿಳಿಚಿಕೊಂಡವು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನ ನಾಲ್ಕನೆಯ ವ್ಯಾಪಕ ಬಿಳಿಚುವಿಕೆಯನ್ನು ದೃಢಪಡಿಸಿದರು. ಎರಡು ಹೊಡೆತಗಳ ನಡುವಿನ ಬಿಡುವು 18 ವರ್ಷದಿಂದ 8 ವರ್ಷಕ್ಕೆ ಇಳಿದಿದೆ. ಎಲ್ಲ ಅಂಕಿಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ನೀರು ಎಲ್ಲ ಕಡೆ ಬಿಸಿಯಾಗುವುದಾದರೆ ಸ್ಥಳೀಯ ನಿಯಮಗಳಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಪ್ರಯೋಜನ ಇರುವುದು ಚೇತರಿಕೆಯಲ್ಲಿ. ಕೆಸರಿಲ್ಲದ, ಒಳಚರಂಡಿಯ ನೀರು ಸೇರದ, ಪಾಚಿ ಮೇಯುವ ಗಿಳಿಮೀನುಗಳು ಇರುವ ದಿಬ್ಬದಲ್ಲಿ ಸತ್ತ ಹವಳದ ಮೇಲೆ ಹೊಸ ಹವಳದ ಮರಿಗಳು ಬೇಗ ಕೂರುತ್ತವೆ. ಬಿಡುವು ಎಂಟೇ ವರ್ಷಕ್ಕೆ ಇಳಿದಿರುವಾಗ ಬೇಗ ಎಂಬುದೇ ಎಲ್ಲವೂ. ಡೈವರ್‌ಗಳ ನಡವಳಿಕೆಯೂ ಇಲ್ಲಿಯೇ ಮುಖ್ಯವಾಗುತ್ತದೆ. ತೇಲುವಿಕೆಯ ಹಿಡಿತ ಇನ್ನೂ ಬಾರದ ಹೊಸಬ ಕಾಲಿಗೆ ಕಟ್ಟಿದ ಫಿನ್‌ನ (ಈಜುರೆಕ್ಕೆಯ) ಒಂದೇ ಏಟಿನಲ್ಲಿ ಮುರಿಯುವ ಕವಲು ಹವಳ ಬೆಳೆಯಲು ವರ್ಷಗಳು ತೆಗೆದುಕೊಂಡಿರುತ್ತದೆ. ಮಾಲ್ಡೀವ್ಸ್‌ನಲ್ಲಿ ಮೊದಲ ಡೈವ್ ಸುಲಭದ ಜಾಗದಲ್ಲಿ ಪರೀಕ್ಷೆಯಾಗಿ ಮಾಡಿಸಬೇಕೆಂಬ ನಿಯಮವಿರುವುದು ಸುರಕ್ಷತೆಗಾಗಿ. ಗಟ್ಟಿ ಮನಸ್ಸಿನ ಗೈಡ್ ಇದ್ದರೆ ಅದೇ ನಿಯಮ ಹವಳಕ್ಕೂ ಕಾವಲಾಗುತ್ತದೆ, ಹಿಡಿತ ಬಾರದವನನ್ನು ಆತ ಸೂಕ್ಷ್ಮ ತಾಣಕ್ಕೆ ಕರೆದೊಯ್ಯುವುದಿಲ್ಲ.

ಹಣದ ಮಾತಿಗೆ ಬರೋಣ. 2024ರಲ್ಲಿ ಮಾಲ್ಡೀವ್ಸ್‌ಗೆ ಬಂದ ಪ್ರವಾಸಿಗರ ಸಂಖ್ಯೆ 20 ಲಕ್ಷ ದಾಟಿತು. ದೇಶದ ಜನಸಂಖ್ಯೆ ಐದು ಲಕ್ಷದ ಆಸುಪಾಸು. ಪ್ರತಿ ಪ್ರವಾಸಿಯಿಂದ ರಾತ್ರಿಗೆ ಇಷ್ಟು ಎಂದು ವಸೂಲಿ ಮಾಡುವ ಹಸಿರು ತೆರಿಗೆ 2015ರಲ್ಲಿ ಬಂತು. ರೆಸಾರ್ಟ್‌ಗಳಲ್ಲಿ 6 ಡಾಲರ್ ಇದ್ದದ್ದು 2025ರ ಜನವರಿಯಿಂದ 12 ಆಗಿದೆ, ಸಣ್ಣ ಅತಿಥಿಗೃಹಗಳಲ್ಲಿ 3 ಇದ್ದದ್ದು 6. ಇದು ದೊಡ್ಡ ಮೊತ್ತ. ದ್ವೀಪಗಳ ಒಳಚರಂಡಿ, ಕಸ, ಕುಡಿಯುವ ನೀರಿಗೆ ಅದರಿಂದ ಖರ್ಚಾಗುವುದು ಸರಿಯಾದದ್ದೇ, ಏಕೆಂದರೆ ಕೊಳಚೆ ನೀರು ದಿಬ್ಬಕ್ಕೆ ಹೋಗದಂತೆ ತಡೆಯುವುದೂ ಸಂರಕ್ಷಣೆಯೇ. ಆದರೆ ಕಡಲಲ್ಲಿ ಗಸ್ತು ತಿರುಗುವ ಕಾವಲುಗಾರ, ಅವನ ದೋಣಿ, ದೋಣಿಯ ಇಂಧನಕ್ಕೂ ಇದೇ ತೆರಿಗೆಯಿಂದ ಖಚಿತ ಪಾಲು ಮೀಸಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಹನಿಫಾರುವಿನಲ್ಲಿ ವ್ಯವಸ್ಥೆ ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಪ್ರವೇಶ ಶುಲ್ಕ ಅಲ್ಲಿನ ಕಾವಲಿಗೇ ಬಳಕೆಯಾಗುವಂತೆ ಇರುವುದು.

ಸ್ಥಳೀಯರ ಪಾಲಿನ ಪ್ರಶ್ನೆಗೆ ಸ್ವಲ್ಪಮಟ್ಟಿನ ಉತ್ತರ ಸಿಕ್ಕಿದ್ದು 2009-10ರ ನಂತರ, ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ನಡೆಸಲು ಅವಕಾಶ ಸಿಕ್ಕಾಗ. ಅದಕ್ಕೂ ಮೊದಲು ಪ್ರವಾಸಿಗರ ದ್ವೀಪಗಳೇ ಬೇರೆ, ಜನರ ದ್ವೀಪಗಳೇ ಬೇರೆ. ಈಗ ಧಿಗುರಾ, ರಸ್ಧೂ, ಫುಲಿಧೂ, ಫುವಹ್ಮುಲಾಗಳಲ್ಲಿ ಹುಟ್ಟಿ ಬೆಳೆದವರೇ ಡೈವ್ ಗೈಡ್‌ಗಳು, ಕೇಂದ್ರದ ಮಾಲೀಕರು. ಮೀನುಗಾರನ ಮಗ ಶಾರ್ಕ್‌ನ ಕಾವಲಿಗೆ ನಿಂತಿರುವುದು ಇಲ್ಲಿಯೇ. ಆದರೆ ಇದೇ ದ್ವೀಪಗಳಲ್ಲಿ ಇನ್ನೂ ಟ್ಯೂನಾ ಹಿಡಿಯುವ ನೆರೆಯವನಿದ್ದಾನೆ. ಅವನಿಗೆ ಗಾಳಕ್ಕೆ ಹಾಕಲು ದಿಬ್ಬದ ಸಣ್ಣ ಮೀನುಗಳು ಜೀವಂತವಾಗಿ ಬೇಕು. ಡೈವ್ ತಾಣದಲ್ಲಿಯೇ ಅವನು ಬಲೆ ಹರಡಿದರೆ ಜಗಳ. ಹೆಚ್ಚಿದ ಶಾರ್ಕ್‌ಗಳು ಗಾಳಕ್ಕೆ ಬಿದ್ದ ಮೀನನ್ನು ಅರ್ಧ ಕಚ್ಚಿ ಒಯ್ಯುತ್ತವೆ ಎಂಬ ಅವನ ದೂರೂ ನಿಜವೇ. ಅವನ ನಷ್ಟಕ್ಕೆ ಉತ್ತರ ಕೊಡದಿದ್ದರೆ ಇವತ್ತು ಗಲ್ಪರ್, ನಾಳೆ ದಿಬ್ಬದ ಶಾರ್ಕ್.

ನಮ್ಮ ಕಡೆಯ ಕಡಲು

2021ರಿಂದ 2023ರವರೆಗೆ ಮಾಲ್ಡೀವ್ಸ್‌ಗೆ ಅತಿ ಹೆಚ್ಚು ಪ್ರವಾಸಿಗರನ್ನು ಕಳಿಸಿದ ದೇಶ ಭಾರತ. 2024ರ ಆರಂಭದಲ್ಲಿ ಎರಡೂ ದೇಶಗಳ ನಡುವೆ ಎದ್ದ ರಾಜಕೀಯ ಜಗಳದ ನಂತರ ಆ ಸಂಖ್ಯೆ ಇಳಿದು, ‘ಬದಲಿಗೆ ಲಕ್ಷದ್ವೀಪಕ್ಕೆ ಹೋಗಿ’ ಎಂಬ ಕರೆ ಎಲ್ಲೆಡೆ ಕೇಳಿಬಂತು. ಬೆಂಗಳೂರಿನಿಂದ ಮಾಲೆಗೆ ನೇರ ವಿಮಾನ ಹತ್ತುವ ಕನ್ನಡಿಗ ಡೈವರ್‌ಗಳಿಗೂ ಈ ಕರೆ ತಲುಪಿದೆ. ಕರೆ ಕೊಟ್ಟವರು ಲಕ್ಷದ್ವೀಪದ ಲೆಕ್ಕವನ್ನು ನೋಡಿದಂತಿಲ್ಲ. ಮಾಲ್ಡೀವ್ಸ್‌ನ ಹವಳದ್ವೀಪಗಳು ಕೂತಿರುವ ಕಡಲಡಿಯ ಪರ್ವತಸಾಲಿನ ಮೇಲೆಯೇ ಲಕ್ಷದ್ವೀಪವೂ ಕೂತಿದೆ. ಒಟ್ಟು ನೆಲ 32 ಚದರ ಕಿಲೋಮೀಟರ್, ಜನವಸತಿ ಇರುವುದು 10 ದ್ವೀಪಗಳಲ್ಲಿ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಲ್ಲಿನ ದಿಬ್ಬಗಳನ್ನು ದಶಕಗಳಿಂದ ಗಮನಿಸುತ್ತಿದ್ದಾರೆ. ಅವರ ದಾಖಲೆಯ ಪ್ರಕಾರ ಜೀವಂತ ಹವಳದ ಹೊದಿಕೆ 1998ರಲ್ಲಿ ಸುಮಾರು 37 ಪ್ರತಿಶತವಿದ್ದದ್ದು 2022ರಲ್ಲಿ 20 ಪ್ರತಿಶತಕ್ಕಿಂತ ಕೆಳಗೆ ಇಳಿದಿದೆ. ಹೊಸ ಹೋಟೆಲ್‌ಗಳ, ಲಗೂನಿನ ಮೇಲೆ ಕಟ್ಟುವ ವಿಲ್ಲಾಗಳ ಯೋಜನೆಗಳು ಇಂಥ ದಿಬ್ಬಗಳ ಮೇಲೆ ಬರುತ್ತಿವೆ.

ಲಕ್ಷದ್ವೀಪ ಮಾಲ್ಡೀವ್ಸ್‌ನಿಂದ ಕಲಿಯುವುದಾದರೆ ಮೊದಲು ಹನಿಫಾರುವಿನಿಂದ ಕಲಿಯಲಿ: ಯಾವ ಲಗೂನಿಗೆ ಎಷ್ಟು ದೋಣಿ, ಎಷ್ಟು ಜನ ಎಂಬ ಮಿತಿ ಜನ ಬರುವ ಮೊದಲೇ ನಿಗದಿಯಾಗಬೇಕು. ಬಂದ ಮೇಲೆ ಇಳಿಸುವುದು ಎಷ್ಟು ಕಷ್ಟ ಎಂಬುದನ್ನು ದಕ್ಷಿಣ ಅರಿ ತೋರಿಸಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕರ್ನಾಟಕದ ಸ್ಕೂಬಾ ಎಂದರೆ ಬಹುತೇಕ ನೇತ್ರಾಣಿಯೇ, ಅಲ್ಲಿ ನೀರಿಗಿಳಿಯುವವರಲ್ಲಿ ಹೆಚ್ಚಿನವರು ಅಂದೇ ಮೊದಲ ಸಲ ಸಿಲಿಂಡರ್ ಹೊತ್ತವರು. ದೋಣಿಗಳು ಹವಳದ ಮೇಲೆ ಲಂಗರು ಎಸೆಯದೆ ಕಟ್ಟಿಕೊಳ್ಳಲು ತೇಲುಗುಂಡುಗಳಿವೆಯೇ, ಒಬ್ಬ ಗೈಡ್‌ಗೆ ಎಷ್ಟು ಜನ, ದಿನಕ್ಕೆ ಒಟ್ಟು ಎಷ್ಟು ಜನ ಎಂದು ಹಣ ಕಟ್ಟುವ ಮೊದಲು ಕೇಳುವ ಹಕ್ಕು ಪ್ರತಿ ಪ್ರವಾಸಿಗೂ ಇದೆ. ದಿಬ್ಬದ ಸ್ಥಿತಿಯನ್ನು ವರ್ಷವರ್ಷವೂ ಅಳೆದು ಆ ಅಂಕಿಗಳನ್ನು ಸಾರ್ವಜನಿಕರ ಮುಂದಿಡುವ ಹೊಣೆ ಮೀನುಗಾರಿಕೆ, ಅರಣ್ಯ, ಪ್ರವಾಸೋದ್ಯಮ ಇಲಾಖೆಗಳದು. ಆ ಅಳತೆಯಲ್ಲಿ ಡೈವರ್‌ಗಳು ಫೋಟೋ ತೆಗೆಯುವ ಮೀನುಗಳ ಜತೆಗೆ ಯಾರೂ ತಿರುಗಿ ನೋಡದ ತಳದ ಮರಳು, ಪಾಚಿ, ಹುಲ್ಲುಗಳೂ ಸೇರಬೇಕು.